ಚೆಂಬು ಹೇಳಿದಂತೆ

ಕಾಶಿಯಲ್ಲಿ ವಿಶ್ವನಾಥನ ಮಾತನ್ನಾದರೂ ಮೀರಿ ಬದುಕಬಹುದು, ನಮ್ಮ ಸೋದರಮಾವನ ಮನೆಯ ತಾಮ್ರದ ಚೆಂಬಿನ ಮಾತು ಮೀರಿ ಅಲ್ಲಿ ಒಂದು ಹೊತ್ತಿನ ಹುಳಿಯೂ ಕುದಿಯುತ್ತಿರಲಿಲ್ಲ! ಈ ಕಥೆ ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ಕೊನೆಯವರೆಗೆ ಮಾತ್ರ ಯಾರಿಗೂ ಹೇಳಿಲ್ಲ, ಧೈರ್ಯ ಬಂದಿರಲಿಲ್ಲ.

ಮಾವ ಕೇದಾರಘಾಟಿನ ಹಿಂದಿನ ಗಲ್ಲಿಯಲ್ಲಿದ್ದುಕೊಂಡು ನಮ್ಮ ಕಡೆಯ ಯಾತ್ರಿಕರಿಗೆ ಪೌರೋಹಿತ್ಯ ಮಾಡುತ್ತಿದ್ದರು. ಎಲ್ಲರ ಕೈಗೂ ಮೊಬೈಲು ಆಗಷ್ಟೇ ಬರುತ್ತಿದ್ದ ಆ ವರ್ಷಗಳಲ್ಲಿ ನಾನು ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಭೇಲೂಪುರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಊಟ ಮಾತ್ರ ಅತ್ತೆಯ ಕೈಯದು. ಮೊದಲ ದಿನವೇ ಮಾವ ನನ್ನ ಕೈಗೆ ಒಂದು ಅಡಿಕೆ, ಒಂದು ಅರಿಶಿನದ ಕೊಂಬು ಇಟ್ಟರು. ತಾಂಬೂಲವಿರಬೇಕೆಂದು ಕಣ್ಣಿಗೊತ್ತಿಕೊಂಡು ಬ್ಯಾಗಿಗೆ ಹಾಕಿಕೊಂಡೆ. ಅಲ್ಲವಂತೆ, ಅದು ಮತವಂತೆ! ಅಡಿಕೆಯೆಂದರೆ ಹೌದು, ಅರಿಶಿನವೆಂದರೆ ಬೇಡ. ಬಟ್ಟೆ ಮುಚ್ಚಿದ ಚೆಂಬಿನೊಳಗೆ ಯಾರಿಗೂ ಕಾಣದಂತೆ ಒಂದನ್ನು ಬಿಡಬೇಕು, ಉಳಿದದ್ದನ್ನು ಪಕ್ಕದ ಡಬ್ಬಿಗೆ ಹಾಕಬೇಕು. ಅಂದಿನ ಪ್ರಶ್ನೆ, ಸಂಜೆಗೆ ಉಪ್ಪಿಟ್ಟು ಆಗಬಹುದೇ? ಮಾವ, ಅತ್ತೆ, ಕಾಲೇಜು ಓದುತ್ತಿದ್ದ ಅವರ ಮಗಳು, ನಾನು, ಒಟ್ಟು ನಾಲ್ಕು ಮತ. ಸಮ ಬಂದರೇನು ಗತಿ ಎಂದು ಕೇಳಿದೆ. ಸಮ ಬಂದರೆ ಅತ್ತೆ ಮಾಡಿದ್ದೇ ಉಪ್ಪಿಟ್ಟು ಎಂದರು ಮಾವ.

ಕಾಶಿಗೆ ಬಂದವರು ತಮಗೆ ಪ್ರಿಯವಾದ ಒಂದನ್ನು ಬಿಟ್ಟು ಹೋಗಬೇಕೆಂಬ ರೂಢಿ ಇದೆಯಲ್ಲ? ಬಂದವರೆಲ್ಲ ಗಂಗೆಯಲ್ಲಿ ಮುಳುಗಿ ಎದ್ದು, ಗಂಭೀರವಾಗಿ ಹಾಗಲಕಾಯಿ ಬಿಟ್ಟು ಹೋಗುತ್ತಿದ್ದರು! ಅದನ್ನು ನೋಡಿ ನೋಡಿ ರೋಸಿಹೋದ ಮಾವ, ತಾವು ಪ್ರಾಣದಂಥ ಕಾಫಿಯನ್ನೇ ಬಿಡಬೇಕೇ ಬೇಡವೇ ಮನೆಯವರೇ ಹೇಳಿ ಎಂದು ಚೆಂಬು ಇಟ್ಟರು. ಕಾಫಿ ಹೋಯಿತು. ನಾವೆಲ್ಲ ತಮಾಷೆಗೆ ಹಾಕಿದ ಅಡಿಕೆಗಳು. ಎಂಟು ದಿನ ತಲೆನೋವಿಗೆ ಬಟ್ಟೆ ಬಿಗಿದುಕೊಂಡು ಯಾತ್ರಿಕರಿಗೆ ಸಂಕಲ್ಪ ಹೇಳಿಸಿದರು. ಅತ್ತೆಗೆ ಕರುಳು ಚುರಕ್ಕೆಂದು ಲೋಟ ತಂದು ಪಕ್ಕದಲ್ಲಿಟ್ಟರೆ ಮುಖ ತಿರುಗಿಸಿ ಕೂತರು. ಆಮೇಲೆ ಅತ್ತೆಯೂ ಕುಡಿಯುವುದನ್ನು ಬಿಟ್ಟುಬಿಟ್ಟರು. ಅದಕ್ಕೆ ಮತದಾನವೇನೂ ನಡೆಯಲಿಲ್ಲ.

ಇನ್ನು ಗೂಳಿಯ ಪ್ರಕರಣ. ಗೂಳಿಗಳು ನುಗ್ಗದಂತೆ ಗಲ್ಲಿಯ ಬಾಯಿಗೆ ಕಬ್ಬಿಣದ ಗೇಟು ಹಾಕಿಸಬೇಕೇ ಎಂದು ವಾರ್ಡಿನ ಸಭಾಸದ ಎಲ್ಲರನ್ನೂ ಸೇರಿಸಿ ಕೈ ಎತ್ತಿಸಿದ. ಶಿವನ ವಾಹನಕ್ಕೆ ಗೇಟೇ, ಬೇಡ ಎಂದಿತು ಗಲ್ಲಿ. ಹತ್ತು ದಿನಕ್ಕೆ ಗೇಟು ಬಂದು ನಿಂತಿತು! ಮಾವ ನನ್ನನ್ನೂ ಎಳೆದುಕೊಂಡು ಅವನ ಮನೆಗೆ ಹೋದರು. ಜನ ತನ್ನನ್ನು ಆರಿಸಿದ್ದು ತಲೆ ಓಡಿಸಲಿಕ್ಕೆ, ಕೈ ಎಣಿಸಲಿಕ್ಕಲ್ಲ, ಜನಕ್ಕೆ ತಿಳಿಯದ್ದು ತನಗೆ ತಿಳಿದಿರುತ್ತದೆ ಎಂದು ಅವನು ಪಾನ್ ಜಗಿಯುತ್ತ ಹೇಳಿದ. ಮಾವ ತಮ್ಮ ಕನ್ನಡದಂಥ ಹಿಂದಿಯಲ್ಲಿ ಅರ್ಧ ಗಂಟೆ ಜಗಳವಾಡಿದರು. ಹಾಗಾದರೆ ಕೇಳಲೇಬಾರದಿತ್ತು, ಕೇಳುವ ಮುಂಚೆ ನೂರು ಸಲ ಯೋಚಿಸು, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಮಾಡು, ನೀನಾದರೂ ಅಷ್ಟೇ, ಪಾರ್ಲಿಮೆಂಟಾದರೂ ಅಷ್ಟೇ ಎಂದರು. ದಾರಿಯಲ್ಲಿ ವಿಚಾರಿಸಿದರೆ, ಗೇಟು ಬೇಕು ಎಂದು ಕೈ ಎತ್ತಿದ್ದ ಮೂರು ಮನೆಗಳಲ್ಲಿ ಇವರದೂ ಒಂದು! ಹಿಂದಿನ ವರ್ಷವಷ್ಟೇ ಗೂಳಿ ತಿವಿದು ಇವರ ಪಕ್ಕೆಲುಬು ಮುರಿದಿತ್ತು. ಇಂಥ ಮನುಷ್ಯನನ್ನು ಏನೆನ್ನುತ್ತೀರಿ?

ಆ ಚಳಿಗಾಲದಲ್ಲಿ ಅತ್ತೆಗೆ ಹೊಟ್ಟೆಯ ಕ್ಯಾನ್ಸರ್ ಎಂದರು. ಒಂದು ಸುತ್ತು ಔಷಧಿ ಏರಿಸಿದ್ದಾಯಿತು, ತಲೆಗೂದಲು ಹೋಯಿತು. ಮಾವ ಬೆಳಿಗ್ಗೆ ಘಾಟಿನಲ್ಲಿ ಪಿಂಡದಾನ ಮಾಡಿಸಿ, ಮಧ್ಯಾಹ್ನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅರ್ಧಕ್ಕರ್ಧ ಇಳಿದುಹೋದರು. ಇನ್ನೊಂದು ಸುತ್ತು ನೋಡಬಹುದು, ಆಸೆ ಇದೆ, ಖಾತ್ರಿ ಇಲ್ಲ ಎಂದರು ಡಾಕ್ಟರು. ಅದನ್ನು ಚೆಂಬಿಗೇ ಬಿಡಿ ಎಂದದ್ದು ಅತ್ತೆ. ಅಷ್ಟು ವರ್ಷದಲ್ಲಿ ಅವರಾಗಿ ಚೆಂಬು ಕೇಳಿದ್ದು ಅದೊಂದೇ ಸಲ.

ಚೆಂಬು ಇಡುವ ಹಿಂದಿನ ದಿನ ನಾನು ಅವರ ಕಾಲು ಒತ್ತುತ್ತಿದ್ದೆ. "ಅರಿಶಿನ ಹಾಕು ಪುಟ್ಟಿ," ಎಂದರು. "ನಂಗಿನ್ನು ಆ ಸೂಜಿ ಬೇಡ. ನಿಮ್ಮ ಮಾವ ಓಡಾಡೀ ಓಡಾಡೀ ನನಗಿಂತ ಮೊದಲೇ ಹೋಗಿಬಿಡ್ತಾರೆ."

ನಾನು ಅರಿಶಿನ ಹಾಕಿದೆ. ಮಾವ ಚೆಂಬನ್ನು ಬಾಳೆಲೆಯ ಮೇಲೆ ಬೋರಲು ಹಾಕಿದರು. ಮೂರು ಅರಿಶಿನ, ಒಂದು ಅಡಿಕೆ. ಆ ಅಡಿಕೆ ಮಾವನದೇ ಎಂದು ನನಗೆ ಅನುಮಾನವೇ ಇರಲಿಲ್ಲ. ಅವರು ಅದನ್ನು ಬೆರಳಲ್ಲಿ ಹೊರಳಿಸುತ್ತ ಬಹಳ ಹೊತ್ತು ಕೂತಿದ್ದು, "ಒಬ್ಬರು ಬೇಕು ಅಂದಿದಾರೆ. ಆಸ್ಪತ್ರೆಗೆ ಹೋಗೋಣ್ವೇನೆ?" ಎಂದರು.

ಅತ್ತೆ ಅವರ ಕೈಯಿಂದ ಆ ಅಡಿಕೆ ತೆಗೆದು ಡಬ್ಬಿಗೆ ಹಾಕಿದರು. ಆಮೇಲೆ ನಕ್ಕು, "ಕೇಳಿದ ಮೇಲೆ ಮಾಡಬೇಕಲ್ರೀ," ಎಂದರು.

ಮಾವ ಮಾಡಿದರು, ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಿಸಲಿಲ್ಲ. ಐದು ವಾರ ಅವರೇ ಗಂಜಿ ಬೇಯಿಸಿದರು, ಅವರೇ ಬಾಯಿ ಒರೆಸಿದರು. ಒಂದು ಬೆಳಿಗ್ಗೆ ಅತ್ತೆ ಹೋದರು. ಸಾವಿರಾರು ಜನರಿಗೆ ಮಂತ್ರ ಹೇಳಿಕೊಟ್ಟಿದ್ದ ಮಾವನಿಗೆ ಹರಿಶ್ಚಂದ್ರ ಘಾಟಿನಲ್ಲಿ ಹೆಂಡತಿಯ ಗೋತ್ರ ನೆನಪಾಗಲಿಲ್ಲ. ಬೇರೆಯವರು ಹೇಳಿಕೊಟ್ಟರು.

ಹದಿಮೂರನೆಯ ದಿನದ ಊಟ ಮುಗಿದು ಬಂದವರೆಲ್ಲ ಹೊರಟ ಮೇಲೆ ಮೂವರೇ ಉಳಿದೆವು. ಮಾವ ಮಗಳ ತಲೆ ಸವರಿ, "ನೀನೊಬ್ಬಳಾದ್ರೂ ಅವತ್ತು ಅಮ್ಮ ಬೇಕು ಅಂತ ಅಡಿಕೆ ಹಾಕಿದ್ಯಲ್ಲ ಮಗಳೇ," ಎಂದರು. "ನನ್ನ ಹತ್ರ ನಿಮ್ಮಮ್ಮ ಕೈ ಮುಗಿದು ಕೇಳ್ಕೊಂಡ್ಳು. ನಾನು ಅರಿಶಿನ ಹಾಕಿಬಿಟ್ಟೆ."

ಕಾಶಿಯಲ್ಲೇ ಹುಟ್ಟಿದ ಹುಡುಗಿ, ಅಳು ಬಂದರೆ ಹಿಂದಿಯೇ ಬರುವುದು. "ಅಪ್ಪಾ, ಮೈನೇ ಭೀ ಹಲ್ದೀ ಹೀ ಡಾಲೀ ಥೀ," ಎಂದಳು. ಅವಳು ಹಾಕಿದ್ದೂ ಅರಿಶಿನವೇ, ಅಮ್ಮ ಅವಳ ಹತ್ತಿರವೂ ಕೇಳಿಕೊಂಡಿದ್ದರಂತೆ.

ಇಬ್ಬರೂ ನನ್ನ ಮುಖ ನೋಡಿದರು. ಅಡಿಕೆ ನನ್ನದೂ ಅಲ್ಲವೆಂದು ತಲೆಯಾಡಿಸಿದೆ. ಮೂವರ ಮೂರು ಅರಿಶಿನ ಅಲ್ಲಿಗೆ ಲೆಕ್ಕವಾಯಿತು. ನಮ್ಮೆಲ್ಲರಿಗೂ ಬೇಡ ಎನ್ನಲು ಹೇಳಿಕೊಟ್ಟ ಅತ್ತೆ, ಬಟ್ಟೆಯ ಕೆಳಗೆ ಕೈ ಹೋದಾಗ ಮಾತ್ರ ಬೇಕು ಎಂದಿದ್ದರು.

ಮಾವ ಗೋಡೆಗೆ ಒರಗಿದರು. "ಅವಳು ಬದುಕ್ಲಿ ಅಂತ ಹಾಕಿದವಳು ಅವಳೊಬ್ಬಳೇ ಕಣೇ," ಎಂದರು.