ಮಗಳ ಸೀಟು, ತಾತನ ಒಟಿಪಿ

ಜೂನ್ ತಿಂಗಳಲ್ಲಿ ನಾನು ದಿನಕ್ಕೊಮ್ಮೆಯಾದರೂ ಬಾಯಿ ಬಿಟ್ಟುಕೊಂಡು ಕೂರುವುದು ತಪ್ಪಿದ್ದಲ್ಲ. ವಿಶಾಖಪಟ್ಟಣದ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ನನ್ನನ್ನು ಪ್ರವೇಶದ ದಿನಗಳಲ್ಲಿ ಸಹಾಯ ಕೌಂಟರಿನಲ್ಲಿ ಕೂರಿಸುತ್ತಾರೆ. ಮಕ್ಕಳು ಆನ್‌ಲೈನಿನಲ್ಲಿ ಕೋರ್ಸು, ಕಾಲೇಜು ಆರಿಸುವಾಗ ನೆರವಾಗಬೇಕು. ಆರಿಸುವುದೇನೋ ಸುಲಭ, ಅದರ ಸುತ್ತ ನಡೆಯುವುದನ್ನು ತಡೆದುಕೊಳ್ಳುವುದೇ ಕಷ್ಟ.

ರಾಹುಕಾಲ

ಭೀಮುನಿಪಟ್ಟಣದಿಂದ ಒಬ್ಬ ತಾಯಿ ಮಗನನ್ನು ಕರೆತಂದಿದ್ದರು. ಎಲ್ಲ ತುಂಬಿ ಕೊನೆಯ ಬಟನ್ ಒತ್ತುವ ಹೊತ್ತಿಗೆ ಮಗನ ಕೈ ಹಿಡಿದುಕೊಂಡರು. "ರಾಹುಕಾಲ ಮುಗಿಯಲಿ ಮೇಡಂ" ಎಂದರು ತೆಲುಗಿನಲ್ಲಿ. ಸಾಲಿನಲ್ಲಿದ್ದವರೆಲ್ಲ ಹೌದೌದೆಂದು ಬೆಂಚಿನ ಮೇಲೆ ಕೂತುಬಿಟ್ಟರು. ಅಲ್ಲಿಯವರೆಗೆ ಸರ್ವರ್ ಸರಾಗವಾಗಿತ್ತು. ರಾಹುಕಾಲ ಮುಗಿಯಿತು, ಇವರೆಲ್ಲ ಎದ್ದರು, ಸರ್ವರ್ ಮಲಗಿತು. ಸಂಜೆಯವರೆಗೂ ಏಳಲಿಲ್ಲ.

ಆಕೆ ನನ್ನ ಮೇಲೆ ಹರಿಹಾಯುತ್ತಾರೆಂದು ಹೆದರಿದ್ದೆ. ಹೊರಡುವಾಗ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನಾಳೆ ರಾಹುಕಾಲ ಎಷ್ಟು ಗಂಟೆಗೆ ಮೇಡಂ? ಆಗಲೇ ಬರ್ತೀವಿ."

ಅಮ್ಮನಿಲ್ಲದ ಕಾಲೇಜು

"ಮಕ್ಕಳೇ ಆರಿಸಿಕೊಳ್ಳಲಿ ಬಿಡಿ" ಎಂದು ಬಂದ ತಂದೆತಾಯಿಗಳಿಗೆಲ್ಲ ಉಪದೇಶ ಮಾಡುವವಳು ನಾನು. ಈ ವರ್ಷ ನನ್ನ ಮಗಳ ಸರದಿ ಬಂತು. ಪೆಂಡುರ್ತಿಯ ಮನೆಯಲ್ಲಿ ದೋಸೆ ಹುಯ್ಯುತ್ತ, ಯಾವ ವಿಷಯ ತಗೋತೀಯೆಂದು ಕೇಳಿದೆ.

"ಸ್ಟ್ಯಾಟಿಸ್ಟಿಕ್ಸ್."

"ಕೆಮಿಸ್ಟ್ರಿ ಯಾಕೆ ಬೇಡ?"

"ಮನೇಲಿ ದಿನಾ ಅದೇ ಅಲ್ವಾ ಅಮ್ಮಾ."

"ಆಯ್ತು, ಯಾವ ಕಾಲೇಜು?"

"ನೀನು ಇಲ್ಲದ್ದು."

ದೋಸೆ ಸೀದುಹೋಯಿತು. ಮದುವೆಯಾಗಿ ಇಷ್ಟು ವರ್ಷವಾದರೂ ಕನ್ನಡ ಹತ್ತದ ನನ್ನ ತೆಲುಗು ಗಂಡನಿಗೆ ಅದೊಂದು ಮಾತು ಮಾತ್ರ ಪೂರ್ತಿ ಅರ್ಥವಾಯಿತು, ಬಿದ್ದು ಬಿದ್ದು ನಕ್ಕರು.

ತಾತನ ಕಾವಲು

ಮಗಳು ಆರಿಸಿದ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಸೀಟು ಕಡಿಮೆ. ಗಡುವಿನ ಹಿಂದಿನ ದಿನ ಮಗಳು ಆಯ್ಕೆ ಖಚಿತಪಡಿಸಲು ಒತ್ತಿದಳು. ಒಟಿಪಿ ಹೋದದ್ದು ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನಲ್ಲಿರುವ ನನ್ನ ಅಪ್ಪನ ಫೋನಿಗೆ. ಅವಳು ವಿಜಯವಾಡದಲ್ಲಿ ಇಂಟರ್, ಅಂದರೆ ಪಿಯುಸಿ, ಓದುವಾಗ ತಾತನ ನಂಬರ್ ಕೊಟ್ಟಿದ್ದೆವು, ಬದಲಿಸುವುದು ಮರೆತಿತ್ತು. ಅಪ್ಪ ಬಳ್ಳಾರಿಯವರು. ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದ ಕೆಲಸಕ್ಕೆ ಬಂದವರು ನಿವೃತ್ತಿಯಾದ ಮೇಲೂ ಅಲ್ಲೇ ಉಳಿದಿದ್ದಾರೆ.

ಫೋನ್ ಮಾಡಿದೆ. "ಹೇಳಂಗಿಲ್ಲ" ಎಂದರು.

"ಅಪ್ಪಾ, ನಾನು ನಿಮ್ಮ ಮಗಳು."

"ಇರಬಹುದು. ಯಾರಿಗೂ ಹೇಳಬಾರದು ಅಂತ ಅದರಾಗೇ ಬರದೈತಿ. ಮಗಳಿಗೆ ಹೇಳಬಹುದು ಅಂತ ಬರದಿಲ್ಲ. ನಾನೇ ಬಂದು ಹೇಳ್ತೀನಿ." ಫೋನ್ ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಎತ್ತಲೇ ಇಲ್ಲ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಮರುದಿನ ಸಂಜೆ ನಾಲ್ಕು ದಾಟಿದ ಮೇಲೆ ನಿಜಕ್ಕೂ ರೈಲಿಳಿದು ಬಂದೇಬಿಟ್ಟರು. ಬಾಗಿಲು ಹಾಕಿಸಿ ಮೊಮ್ಮಗಳ ಕಿವಿಯಲ್ಲಿ ಒಟಿಪಿ ಉಸುರಿದರು. ಅದರ ಅವಧಿ ನಿನ್ನೆಯೇ ಮುಗಿದಿತ್ತು.

"ತಾತಾ, ಇನ್ನೊಂದು ಕಳಿಸ್ತಾರೆ. ನಿಮ್ಮ ಫೋನ್ ಕೊಡಿ."

"ಫೋನಾ? ರೈಲಿನಾಗ ಕಳ್ಳರು ಇರ್ತಾರ. ನಿಮ್ಮ ಅಜ್ಜಿ ಕೈಯಾಗ ಕೊಟ್ಟು ಬಂದೀನಿ."

ಸಂಜೆ ಐದಕ್ಕೆ ಎಲ್ಲ ಮುಚ್ಚುತ್ತದೆ, ಆಗಲೇ ನಾಲ್ಕೂವರೆ ದಾಟಿತ್ತು. ಹೊಸ ಒಟಿಪಿ ಕಳಿಸಲು ಒತ್ತಿ, ಆ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಹೇಳಂಗಿಲ್ಲ" ಎಂದಳು ಅಮ್ಮ. "ಯಾರು ಕೇಳಿದ್ರೂ ಹೇಳಬ್ಯಾಡ ಅಂತ ಅವರು ಹೇಳಿ ಹೋಗ್ಯಾರ."

ಅಪ್ಪ ಫೋನ್ ಕಸಿದುಕೊಂಡರು. "ಏ, ನಾನೇ ಮಾತಾಡಾಕತ್ತೀನಿ. ಹೇಳು."

"ನನ್ನ ದನಿಯಾಗೇ ಮಾತಾಡ್ತಾರ, ನಂಬಬ್ಯಾಡ ಅಂತನೂ ಹೇಳ್ಯಾರ." ಸ್ವಲ್ಪ ಯೋಚಿಸಿ ಅಮ್ಮ ಕೇಳಿದಳು: "ನೀವು ಅವರೇ ಆಗಿದ್ರ, ನಮ್ಮ ಮದುವಿ ಆದ ತಾರೀಖು ಹೇಳ್ರಿ."

ಅಪ್ಪ ನನ್ನ ಮುಖ ನೋಡಿದರು. ನನಗೆಲ್ಲಿ ಗೊತ್ತು? ಸೂರು ನೋಡಿದರು, ತಲೆ ಕೆರೆದುಕೊಂಡರು. ಮಗಳು ಗಡಿಯಾರವನ್ನೂ ತಾತನನ್ನೂ ನೋಡುತ್ತ ಉಗುರು ಕಚ್ಚುತ್ತಿದ್ದಳು. ಸೀಟು ಹೋಯಿತೆಂದೇ ನಾನು ಅಂದುಕೊಂಡೆ.

ಆ ಕಡೆಯಿಂದ ಅಮ್ಮ ನಿಟ್ಟುಸಿರು ಬಿಟ್ಟಳು.

"ಹೌದು, ಇವರೇ. ಬರಕೋಳ್ರಿ" ಎಂದು ಒಟಿಪಿ ಓದಿದಳು.