ಗೋಡೆಗೆ ಒಂದೇ ಪೈಪು, ಮನೆಗೆ ಎರಡು ವೈರು

ಟಿವಿ ವೈರಿನ ವ್ಯಾಪಾರ ಮಾಡುವವನು ನಗುವುದಕ್ಕೆ ಬೇರೆ ಎಲ್ಲೂ ಹೋಗಬೇಕಾಗಿಲ್ಲ. ಗಿರಾಕಿಗಳೇ ಅಂಗಡಿಗೆ ಬಂದು ನಗಿಸುತ್ತಾರೆ, ಬಿಲ್ಲು ನೋಡಿದಾಗ ಮಾತ್ರ ಅವರ ಮುಖ ಅಳುವ ಹಾಗಾಗುತ್ತದೆ. ಬೇಗೂರಿನಿಂದ ಬೊಮ್ಮಸಂದ್ರದವರೆಗೆ ನಾನು ವೈರು ಎಳೆಯದ ಬೀದಿ ಕಡಿಮೆ. ಕೇಬಲ್ ಬಂದಾಗ ಆಂಟೆನಾ ಸತ್ತಿತು ಅಂದರು. ಮೊಬೈಲ್ ಬಂದಾಗ ಕೇಬಲ್ ಸತ್ತಿತು ಅಂದರು. ಯಾವುದೂ ಸತ್ತಿಲ್ಲ, ಎಲ್ಲವೂ ಒಂದೇ ಟಿವಿಯ ಹಿಂದೆ ಸಿಕ್ಕುಹಾಕಿಕೊಂಡು ಕೂತಿವೆ. ಅದನ್ನು ಬಿಡಿಸಲು ಕರೆಸುವುದು ನನ್ನನ್ನೇ. ಇಲ್ಲಿ ಹೇಳುತ್ತಿರುವುದು ಬೇಗೂರಿನ ಒಂದೇ ಮನೆಯ, ಒಂದೇ ಟಿವಿಯ ಪ್ರಸಂಗಗಳು. ಒಂದು ಗಂಟೆಯ ಕೆಲಸ ಅಂತ ಹೋದವನು ನಾನು.

೧. ಸೋರ್ಸ್ ಗುಂಡಿ

ಮನೆಯ ಯಜಮಾನರು ಹಳೇ ಊರಿನವರು. ಮೊದಲು ಹೊಲದಲ್ಲಿ ರಾಗಿ ಬೆಳೆಯುತ್ತಿದ್ದರು, ಈಗ ಅದೇ ಹೊಲದಲ್ಲಿ ಬಾಡಿಗೆದಾರರನ್ನು ಬೆಳೆಯುತ್ತಾರೆ. ಕೆಳಗೆ ತಮ್ಮ ಮನೆ, ಮೇಲೆ ಐಟಿ ಹುಡುಗರಿಗೆ ಕೊಟ್ಟ ರೂಮುಗಳು. ಪಕ್ಕದ ರಸ್ತೆಯಲ್ಲಿ ಅವರದೇ ಇನ್ನೊಂದು ದೊಡ್ಡ ಪಿಜಿ ಕಟ್ಟಡ ಏಳುತ್ತಿತ್ತು. ನನ್ನ ಕಣ್ಣಿದ್ದದ್ದು ಅದರ ಮೇಲೆ. ಅಷ್ಟು ರೂಮಿನ ವೈರಿಂಗ್ ಸಿಕ್ಕಿದರೆ ಆ ವರ್ಷ ಬೇರೆ ಗಿರಾಕಿ ಬಾರದಿದ್ದರೂ ಚಿಂತೆಯಿರಲಿಲ್ಲ.

"ಶೆಟ್ರೇ, ಮೊದ್ಲು ನಮ್ಮನೆ ಟಿವಿ ಸರಿ ಮಾಡಿ ತೋರ್ಸಿ. ಇದು ನೆಟ್ಟಗಾದ್ರೆ ಬಿಲ್ಡಿಂಗೂ ನಿಮ್ದೇ" ಅಂದರು.

ಅವರಿಗೆ ಬೇಕಾದದ್ದು ಆಂಟೆನಾ. ಸರ್ಕಾರಿ ಚಾನಲ್ ಪುಕ್ಕಟೆ ಬರುತ್ತದೆ, ಅದರಲ್ಲಿ ಬೆಳೆ ಧಾರಣೆ ಹೇಳುತ್ತಾರೆ. ಮಾರಲು ಒಂದು ಹಿಡಿ ಕೊತ್ತಂಬರಿ ಇಲ್ಲದಿದ್ದರೂ ಟೊಮೆಟೊ ಬೆಲೆ ಬಿದ್ದರೆ ಆ ಮನುಷ್ಯ ರಾತ್ರಿ ಊಟ ಕಡಿಮೆ ಮಾಡುತ್ತಿದ್ದರು. ಅವರ ಹೆಂಡತಿಗೆ ಬೇಕಾದದ್ದು ಕೇಬಲ್, ಅದರಲ್ಲಿ ಅವರ ಧಾರಾವಾಹಿ.

"ಸುಲಭ ಅಕ್ಕ. ಆಂಟೆನಾ ಒಂದು ಕಡೆ, ಸೆಟ್‌ಟಾಪ್ ಬಾಕ್ಸ್ ಇನ್ನೊಂದು ಕಡೆ ಹಾಕ್ತೀನಿ. ರಿಮೋಟಲ್ಲಿ ಸೋರ್ಸ್ ಅನ್ನೋ ಗುಂಡಿ ಒತ್ತಿದ್ರೆ ಬದಲಾಗ್ತದೆ" ಅಂದೆ.

"ಆ ಗುಂಡಿ ಹೆಸ್ರು ಎತ್ಬೇಡಿ" ಅಂದರು ಯಜಮಾನತಿ. "ಇವ್ರು ಒಂದ್ಸಲ ಒತ್ತಿದ್ರು. ಮೂರು ದಿನ ನೀಲಿ ಪರದೆ ನೋಡ್ಕೊಂಡು ಕೂತಿದ್ವಿ."

ಗುಂಡಿ ಬೇಡವೆಂದರೂ ಎರಡು ವೈರಾದರೂ ಎಳೆಯೋಣ ಅಂತ ಟಿವಿಯ ಹಿಂದೆ ಇಣುಕಿದೆ. ಹಿಂದೆ ಅನ್ನುವ ಜಾಗವೇ ಇರಲಿಲ್ಲ. ಇಂಟೀರಿಯರ್‌ನವನು ಗೋಡೆಗೆಲ್ಲಾ ಹೊಳೆಯುವ ಹಲಗೆ ಬಡಿದು, ಟಿವಿಯನ್ನು ಅದಕ್ಕೇ ಬಿಗಿದು, ಒಳಗೆ ಒಂದೇ ಒಂದು ತೆಳ್ಳನೆ ಪೈಪಿನಲ್ಲಿ ಒಂದೇ ಒಂದು ಆಂಟೆನಾ ವೈರು ಬಿಟ್ಟಿದ್ದ.

"ಹಲಗೆ ಬಿಚ್ಚಬೇಕಾಗ್ತದೆ" ಅಂದೆ.

"ಟಿವಿ ಬೇಕಾದ್ರೆ ಬಿಚ್ಚಿ ಬಿಸಾಕಿ, ಹಲಗೆ ಮುಟ್ಬೇಡಿ. ಗೃಹಪ್ರವೇಶಕ್ಕೆ ಬಂದೋರೆಲ್ಲ ನೋಡಿ ಹೊಗಳಿದ್ದು ಹಲಗೇನ!"

೨. ಮೂರು ಮೂಗಿನ ಡಬ್ಬಿ

ಹಾಗಾಗಿ ಉಳಿದದ್ದು ಒಂದೇ ದಾರಿ. ಸೆಟ್‌ಟಾಪ್ ಬಾಕ್ಸಿನ ಚಿತ್ರವನ್ನು ಮಾಡ್ಯುಲೇಟರ್ ಅನ್ನುವ ಪುಟ್ಟ ಡಬ್ಬಿಗೆ ಕೊಟ್ಟರೆ ಅದು ಒಂದು ಚಾನಲ್ ಆಗಿ ಆಂಟೆನಾ ವೈರಿನಲ್ಲೇ ಹೋಗುತ್ತದೆ. ಆ ವೈರನ್ನೂ ಮಹಡಿ ಮೇಲಿನ ಆಂಟೆನಾ ವೈರನ್ನೂ ಕಂಬೈನರ್‌ನಲ್ಲಿ ಸೇರಿಸಿ, ಒಂದೇ ವೈರಾಗಿ ಟಿವಿಗೆ ಕೊಡುವುದು. ಆಮೇಲೆ ಚಾನಲ್ ಬದಲಾಯಿಸಿದರೆ ಸಾಕು. ಒಂದರಲ್ಲಿ ಧಾರಣೆ, ಇನ್ನೊಂದರಲ್ಲಿ ಧಾರಾವಾಹಿ.

ಕಂಬೈನರ್ ತೆಗೆದು ತೋರಿಸಿದೆ. ಯಜಮಾನರು ಅದನ್ನು ತಿರುಗಿಸಿ ನೋಡಿ ಅಟ್ಟದ ಮೇಲಿಂದ ಒಂದು ಹಳೇ ಡಬ್ಬಿ ಇಳಿಸಿದರು. ಸ್ಪ್ಲಿಟರ್. ಒಂದು ವೈರನ್ನು ಎರಡು ಮಾಡುವಂಥದ್ದು.

"ಇದಕ್ಕೂ ಮೂರು ಮೂಗು, ಅದಕ್ಕೂ ಮೂರು ಮೂಗು. ತಿರುಗ್ಸಿ ಹಾಕಿ."

"ಸಾರ್, ಇದು ತಡೆಯಲ್ಲ. ಕಂಬೈನರ್ ಒಂದು ಕಡೆ ಸಿಗ್ನಲ್ ಇನ್ನೊಂದು ಕಡೆ ಹೋಗ್ದಂಗೆ ತಡೀತದೆ. ಇದನ್ನ ಹಾಕಿದ್ರೆ ನಿಮ್ಮ ಬಾಕ್ಸಿನ ಚಿತ್ರ ಮೇಲೆ ಆಂಟೆನಾಗೂ ಏರ್ತದೆ, ಅಲ್ಲಿಂದ ಗಾಳಿಗೆ ಹೋಗ್ತದೆ."

"ಓಗ್ಲಿ ಬಿಡಿ. ಮಹಡಿ ಮೇಲೆ ಯಾರಿಗ್ ತೋರಿಸ್ತದೆ, ಕಾಗೆಗಾ?"

ಇಪ್ಪತ್ತು ಸಲ ಬುದ್ಧಿ ಹೇಳುವುದು ಮೇಷ್ಟ್ರ ಕೆಲಸ. ವ್ಯಾಪಾರಿ ಒಂದು ಸಲ ಹೇಳುತ್ತಾನೆ, ಆಮೇಲೆ ಗಿರಾಕಿ ಹೇಳಿದ್ದನ್ನು ಹಾಕುತ್ತಾನೆ. ತಿರುಗಿಸಿ ಹಾಕಿದೆ. ಚಿತ್ರ ಬಂತು. ಯಜಮಾನರು ನನ್ನ ಬೆನ್ನು ತಟ್ಟಿ, "ನೋಡಿದ್ರಾ, ನಿಮ್ಗೂ ಕೆಲ್ಸ ಕಲಿಸ್ದೆ" ಅಂದರು.

೩. ಪ್ಯಾಂಟು ಒಣಗಬಾರದು

ಎರಡು ದಿನಕ್ಕೆ ಫೋನು. "ಶೆಟ್ರೇ, ಧಾರಣೆ ಹೇಳೋನು ಬಾಯಿ ತೆಕ್ಕೊಂಡು ಅಂಗೇ ನಿಂತವ್ನೆ."

ಹೋಗಿ ಮಹಡಿ ಹತ್ತಿದೆ. ಸೋಲಾರ್, ನೀರಿನ ಟ್ಯಾಂಕು, ಅವುಗಳ ನಡುವೆ ನಮ್ಮ ಆಂಟೆನಾ. ಅದರ ಕಡ್ಡಿಗೆ ಬಾಡಿಗೆ ಹುಡುಗನೊಬ್ಬ ಜೀನ್ಸ್ ಪ್ಯಾಂಟು ಒಣಹಾಕಿದ್ದ, ಅರ್ಧ ಒಣಗಿತ್ತು. ಕಳ್ಳ ಸಿಕ್ಕ ಅಂದುಕೊಂಡು ಪ್ಯಾಂಟು ತೆಗೆದೆ. ಕೆಳಗಿಂದ ಯಜಮಾನರು ಕೂಗಿದರು:

"ಪೂರಾ ಓಯ್ತು!"

ಪ್ಯಾಂಟನ್ನು ಮತ್ತೆ ಕಡ್ಡಿಗೆ ಹಾಕಿದೆ.

"ಬಂತು! ಬಂತು! ಈರುಳ್ಳಿ ಹೇಳ್ತಾವ್ನೆ!"

ಪಕ್ಕದ ಟ್ಯಾಂಕಿಗೆ ತಾಗಿ ಅಡ್ಡಾದಿಡ್ಡಿ ಬರುತ್ತಿದ್ದ ಸಿಗ್ನಲ್ಲನ್ನು ಒದ್ದೆ ಬಟ್ಟೆ ತಡೆಯುತ್ತಿತ್ತು ಅಂತ ಕಾಣುತ್ತದೆ. ಒಣಗುತ್ತಾ ಬಂದ ಹಾಗೆ ಚಿತ್ರ ನಿಲ್ಲುತ್ತಿತ್ತು. ಆಂಟೆನಾದ ಜಾಗ ಬದಲಾಯಿಸುತ್ತೇನೆ, ಸ್ಪ್ಯಾನರ್ ತರುತ್ತೇನೆ ಅಂದೆ. ಯಜಮಾನರಿಗೆ ಅಷ್ಟು ತಾಳ್ಮೆ ಇಲ್ಲ, ಒಂದು ಚೊಂಬು ನೀರು ಮಹಡಿಗೆ ತಂದು ಪ್ಯಾಂಟಿನ ಮೇಲೆ ಸುರಿದರು.

ಅಷ್ಟರಲ್ಲಿ ಪ್ಯಾಂಟಿನ ಹುಡುಗ ಟವೆಲ್ ಸುತ್ತಿಕೊಂಡು ಮೇಲೆ ಬಂದ. ಬೆಳ್ಳಂದೂರಿನ ಯಾವುದೋ ಟೆಕ್ ಪಾರ್ಕಿನಲ್ಲಿ ಕೆಲಸ ಅವನಿಗೆ.

"ಅಂಕಲ್, ಕ್ಯಾಬ್ ಬಂದಿದೆ. ಇವತ್ತು ಕ್ಲೈಂಟ್ ಮೀಟಿಂಗು. ಇರೋದೊಂದೇ ಜೀನ್ಸು."

ಯಜಮಾನರು ಅವನ ಕಡೆ ತಿರುಗಿ ಕೂಡ ನೋಡಲಿಲ್ಲ.

"ತಡ್ಕೊ ಮಗಾ. ಇನ್ನೂ ಬೀನ್ಸು ಬಾಕಿ ಐತೆ."

೪. ದೆವ್ವಕ್ಕೆ ಕಣ್ಣು ಕಾಣಲ್ಲ

ಸ್ಪ್ಯಾನರ್ ತಂದು ಆಂಟೆನಾವನ್ನು ಮಹಡಿಯ ಇನ್ನೊಂದು ಮೂಲೆಗೆ ಸರಿಸಿದೆ. ಆ ಮೂಲೆಗೆ ಅಂಟಿಕೊಂಡೇ ಯಜಮಾನರ ಅಣ್ಣನ ಮನೆ. ಆಸ್ತಿ ಭಾಗ ಆದ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು, ವಾರಗಿತ್ತಿಯರು ಮುಖ ನೋಡುವುದನ್ನೂ ಬಿಟ್ಟಿದ್ದರು. ಅಣ್ಣನ ಮನೆಯಲ್ಲಿ ಕೇಬಲ್ ಇಲ್ಲ, ಆಂಟೆನಾ ಮಾತ್ರ. ಎರಡು ಆಂಟೆನಾಗಳು ಈಗ ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ವಾರ ಕಳೆದಿರಬೇಕು, ಅಣ್ಣನ ಹೆಂಡತಿ ನನ್ನ ಅಂಗಡಿಗೆ ಬಂದರು. ದನಿ ಗಟ್ಟಿ, ಕೈಯಲ್ಲಿ ರಿಮೋಟು.

"ಶೆಟ್ರೇ, ನಮ್ ಟಿವಿಗೆ ಗಾಳಿ ಮೆಟ್ಕೊಂಡೈತೆ."

"ಏನಾಯ್ತಕ್ಕ?"

"ಚಾನಲ್ ಹುಡುಕೋಕೆ ಬಿಟ್ಟಿದ್ದೆ, ಹೆಸ್ರಿಲ್ಲದ ಒಂದು ಚಾನಲ್ ಸಿಕ್ತು. ಸ್ವಲ್ಪ ಮಸುಕು. ನಾನು ಏನೂ ಮುಟ್ಟದಿದ್ರೂ ತಾನೇ ಬದಲಾಗ್ತದೆ. ಸೀರಿಯಲ್ ಬರ್ತಿರ್ತದೆ, ಇದ್ದಕ್ಕಿದ್ದಂಗೆ ನ್ಯೂಸು. ನಿನ್ನೆ ಪರದೆ ಮೇಲೆ ಯಾರೋ ನಂಬರ್ ಒತ್ತಿದ್ರು. ತಪ್ಪು ಒತ್ತಿದ್ರು, ಮತ್ತೆ ಒತ್ತಿದ್ರು, ಮತ್ತೂ ತಪ್ಪು. ದೆವ್ವಕ್ಕೆ ಕನ್ನಡಕ ಬಂದಂಗೈತೆ."

ನನಗೆ ಅಲ್ಲೇ ಎಲ್ಲವೂ ಹೊಳೆಯಿತು. ತಮ್ಮನ ಮನೆಯ ಬಾಕ್ಸು ಕಾಗೆಗೆ ತೋರಿಸುತ್ತಿರಲಿಲ್ಲ, ಅತ್ತಿಗೆಗೆ ತೋರಿಸುತ್ತಿತ್ತು. ಈ ವಿಷಯ ಕಿರಿ ವಾರಗಿತ್ತಿಗೆ ತಿಳಿದರೆ, ಅವರ ಕೇಬಲ್ಲನ್ನು ಶತ್ರುವಿಗೆ ಹಂಚಿದವನು ನಾನು ಅಂತಾಗುತ್ತದೆ. ಪಿಜಿ ಕಟ್ಟಡ ಅಲ್ಲಿಗೆ ಗೋವಿಂದ. ಸದ್ದಿಲ್ಲದೆ ಹೋಗಿ ಕಂಬೈನರ್ ಹಾಕಿ ಬರುವುದೇ ಸರಿ ಅಂದುಕೊಂಡೆ.

"ಹಾಗಾದ್ರೆ ಅಕ್ಕ, ಆ ಚಾನಲ್ ನೋಡೋದು ಬಿಟ್ಟಿದ್ದೀರಾ?"

"ಯಾಕ್ ಬಿಡ್ಲಿ? ದೆವ್ವ ಒಳ್ಳೊಳ್ಳೆ ಸೀರಿಯಲ್ ಹಾಕ್ತದೆ. ಜಾಹೀರಾತು ಬಂದಾಗ ಆ ಕಡೆ ಈ ಕಡೆ ಓಡಾಡ್ಬಾರ್ದು ಅಷ್ಟೆ. ಅದಕ್ಕೇನಾದ್ರೂ ಮಾಡ್ಕೊಡಿ."

೫. ಮಾಂಗಲ್ಯಂ ತಂತುನಾನೇನ

ಅವತ್ತೇ ಸಂಜೆ ಕಂಬೈನರನ್ನು ಜೇಬಿಗೆ ಹಾಕಿಕೊಂಡು ತಮ್ಮನ ಮನೆಗೆ ಹೋದೆ. "ಒಂದು ಸಣ್ಣ ಚೆಕಿಂಗ್ ಇತ್ತಕ್ಕ" ಅಂದೆ.

ಯಜಮಾನತಿ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದರು. "ಇವತ್ತು ಮದುವೆ. ತಾಳಿ ಕಟ್ಟೋವರ್ಗೂ ಯಾವ ವೈರೂ ಮುಟ್ಟಂಗಿಲ್ಲ. ಮುಟ್ಟಿದ್ರೆ ಬಿಲ್ಡಿಂಗ್ ಕೆಲ್ಸ ಮರೆತ್ಬಿಡಿ. ಕೂತ್ಕೊಳ್ಳಿ, ಕಾಫಿ ಕುಡೀರಿ."

ಕೂತೆ. ಧಾರಾವಾಹಿಯ ಆ ಮದುವೆಗೆ ತಿಂಗಳುಗಟ್ಟಲೆ ಅಡ್ಡಿಗಳಂತೆ. ಕೊನೆಗೂ ಹುಡುಗ ತಾಳಿ ಕೈಗೆತ್ತಿಕೊಂಡ. ವಾದ್ಯ ಜೋರಾಯಿತು. ಸರಿಯಾಗಿ ಅಲ್ಲಿಗೆ ಸೋಪಿನ ಜಾಹೀರಾತು. ಯಜಮಾನತಿ "ಒಲೆ ಮೇಲೆ ಹಾಲು" ಅಂತ ಅಡುಗೆಮನೆಗೆ ಎದ್ದರು. ಯಜಮಾನರು ಅಷ್ಟಕ್ಕೇ ಕಾದಿದ್ದವರ ಹಾಗೆ ರಿಮೋಟ್ ಹಿಡಿದು ಕೇಬಲ್ಲಿನಲ್ಲೇ ನ್ಯೂಸ್ ಚಾನಲ್ ಹಾಕಿದರು. ನ್ಯೂಸಿನಲ್ಲಿ ಟ್ರಾಫಿಕ್ ಜಾಮ್ ತೋರಿಸುತ್ತಿದ್ದರು. ದಿನಾ ಮನೆ ಮುಂದೆಯೇ ಕಾಣುವುದನ್ನು ಅವರು ಬಾಯಿ ಬಿಟ್ಟು ನೋಡುತ್ತಾ ಕೂತರು. ಜಾಹೀರಾತು ಮುಗಿಯುವ ಹೊತ್ತಾಯಿತು, ಅವರಿಗೆ ಅದರ ಪರಿವೆ ಇಲ್ಲ.

ಆಗ ಕಾಂಪೌಂಡಿನ ಆಚೆಯಿಂದ, ಕಿಟಕಿ ಗಾಜು ಅದುರುವ ಹಾಗೆ ಒಂದು ಕೂಗು:

"ಯಾವನ್ಲಾ ಅವ್ನು, ತಾಳಿ ಕಟ್ಟೋ ಹೊತ್ನಲ್ಲಿ ಚಾನಲ್ ತಿರುಗ್ಸಿದ್ದು! ಹಾಕ್ಲಾ ವಾಪಸ್ಸು!"

ಆ ಅತ್ತಿಗೆ, ಯಜಮಾನರನ್ನು ಚಡ್ಡಿ ಹಾಕುವ ವಯಸ್ಸಿನಿಂದ ಬೈದು ಬೆಳೆಸಿದವರಂತೆ. ವರ್ಷಗಳ ಹಗೆತನ ಎಲ್ಲಿ ಹೋಯಿತೋ, ಮನುಷ್ಯ ಸೋಫಾದಿಂದ ಎದ್ದು ನಿಂತು ಗುಂಡಿ ಒತ್ತಿಬಿಟ್ಟರು.

"ಆಕ್ದೆ ಅತ್ತಿಗೆ, ಆಕ್ದೆ!"

೬. ರಿಮೋಟು ಯಾರ ಕೈಯಲ್ಲಿ

ಅತ್ತ ತಾಳಿ ಕಟ್ಟಿದರು. ಇತ್ತ ಯಜಮಾನತಿ ಸೌಟು ಹಿಡಿದುಕೊಂಡೇ ಹಾಲ್‌ಗೆ ಬಂದು ನನ್ನನ್ನು ನೋಡಿದರು. ಇನ್ನು ಸುಳ್ಳು ನಡೆಯುವುದಿಲ್ಲ ಅಂತ ಎಲ್ಲವನ್ನೂ ಬಿಡಿಸಿ ಹೇಳಿದೆ. ತಿರುಗಿಸಿ ಹಾಕಿದ್ದು ಯಾರ ಐಡಿಯಾ ಅನ್ನುವುದನ್ನು ಸ್ವಲ್ಪ ಒತ್ತಿಯೇ ಹೇಳಿದೆ. ಅವರು "ಬೆಳಿಗ್ಗೆ ಬನ್ನಿ" ಅಂದರು ಅಷ್ಟೆ. ಕಟ್ಟಡದ ಆಸೆ ಬಿಟ್ಟೆ.

ಬೆಳಿಗ್ಗೆ ಹೋಗಿ ಏಣಿಗೆ ಕಾಲಿಡುತ್ತಿದ್ದೆ. ಯಜಮಾನತಿ ಏಣಿ ಹಿಡಿದುಕೊಂಡರು.

"ಎಲ್ಲಿಗೆ?"

"ಕಂಬೈನರ್ ಹಾಕೋಕೆ ಅಕ್ಕ. ಇನ್ಮೇಲೆ ಆ ಕಡೆ ಒಂದು ಚೂರೂ ಹೋಗಲ್ಲ."

"ಇಳೀರಿ ಕೆಳಗೆ. ಅದನ್ನ ಹಾಕಿದ್ರೆ ಬಿಲ್ಡಿಂಗ್ ಕೆಲ್ಸ ಬೇರೆಯೋರಿಗೆ."

ನನಗೆ ತಲೆಬುಡ ತಿಳಿಯಲಿಲ್ಲ. ಅವರು ಕೈಯಲ್ಲಿದ್ದ ರಿಮೋಟನ್ನು ಸೆರಗಿನಿಂದ ಒರೆಸುತ್ತಾ ನಿಂತಿದ್ದರು. ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ದನಿ ಬಂತು. ನಿನ್ನೆಯಷ್ಟು ಜೋರಿಲ್ಲ, ಸ್ವಲ್ಪ ಬೆಣ್ಣೆ ಹಚ್ಚಿದ ದನಿ.

"ಏನಮ್ಮಾ, ಅಡುಗೆ ಕಾರ್ಯಕ್ರಮ ಶುರುವಾಗೋ ಹೊತ್ತಾಯ್ತು. ಹಾಕ್ತೀಯಾ?"

ಯಜಮಾನತಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆಮೇಲೆ ಗೋಡೆಯ ಕಡೆ ತಿರುಗಿ, ಬಲು ಮರ್ಯಾದೆಯಿಂದ ಕೂಗಿದರು:

"ಹಾಕ್ತೀನಿ ಅಕ್ಕಾ! ನಮ್ ಗೇಟಿಗೆ ಅಡ್ಡ ನಿಲ್ಸಿದ್ದೀರಲ್ಲ ಕಾರು, ಮೊದ್ಲು ಅದನ್ನ ತೆಗೆಸಿ!"

ಆಚೆಯಿಂದ "ರೀ, ಎದ್ದೇಳ್ರೀ, ಕಾರ್ ತೆಗೀರಿ!" ಅಂತ ಗದರಿದ್ದು ಕೇಳಿತು. ಅಣ್ಣನವರು ಪಂಚೆಯಲ್ಲೇ ಓಡಿ ಬಂದು ಕಾರು ಸ್ಟಾರ್ಟ್ ಮಾಡಿದರು. ನಾನು ಏಣಿ ಮಡಚಿ, ಅಳತೆ ಟೇಪು ತೆಗೆದುಕೊಂಡು ಪಿಜಿ ಕಟ್ಟಡದ ಕಡೆ ನಡೆದೆ.