ಶೇರ್ವಾನಿಯೊಳಗಿನ ಮಳೆಕೋಟು

ಹೊಸ ಬಟ್ಟೆ ಮೈಮೇಲೆ ಬಿದ್ದೊಡನೆ ಮನುಷ್ಯನ ಬುದ್ಧಿ ತುಸು ಮಂಕಾಗುತ್ತದೆ. ಊರವರ ಮಾತೇಕೆ, ನನ್ನದೇ ಹೇಳುತ್ತೇನೆ. ನಮ್ಮ ಬೀದರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಮೊದಲ ಮಳೆಗಾಲವದು. ಭಾಲ್ಕಿಯ ಕಚೇರಿಯಲ್ಲಿ ನಾನು ಉರ್ದು ಗುಮಾಸ್ತ. ಕನ್ನಡದಲ್ಲಿ ಬರೆಯಲು ಕೂತರೆ ಕೈ ತಾನಾಗಿ ಬಲದಿಂದ ಎಡಕ್ಕೆ ಓಡುತ್ತಿತ್ತು. ನನ್ನಂಥವರನ್ನು ಚಾಮರಾಜನಗರದ ಕಡೆ ವರ್ಗ ಮಾಡುತ್ತಾರೆಂದು ಸುದ್ದಿ ಹಬ್ಬಿತ್ತು. ಹೋಗಲು ನನಗೆ ಸುತರಾಂ ಮನಸ್ಸಿರಲಿಲ್ಲ.

ವಿಮಾನದಳದಲ್ಲಿದ್ದ ನನ್ನ ತಮ್ಮ ಅದೇ ಹೊತ್ತಿಗೆ ಒಂದು ಮಳೆಕೋಟು ತಂದುಕೊಟ್ಟ. ರಬ್ಬರಿಲ್ಲ, ಮೇಣವಿಲ್ಲ, ಬರೀ ಹತ್ತಿ! ಮಹಾಯುದ್ಧದ ಹೊತ್ತಿಗೆ ವಿಲಾಯತಿಯಲ್ಲಿ ಬೆಂಕಿ ಆರಿಸುವ ಕೊಳವೆಗೆ ನಾರು ಸಾಲದೆಂಬ ಭಯ ಬಿತ್ತಂತೆ. ಉದ್ದ ಎಳೆಯ ಹತ್ತಿಯನ್ನು ಒತ್ತೊತ್ತಾಗಿ ನೇಯ್ದು ನೋಡಿದರಂತೆ. ನೀರು ತಗಲಿದೊಡನೆ ಎಳೆಗಳು ಉಬ್ಬಿ ಸಂದುಗಳನ್ನು ಮುಚ್ಚಿಬಿಡುತ್ತವೆ. ಮುಂದೆ ಅದೇ ಬಟ್ಟೆಯಲ್ಲಿ ವಿಮಾನ ಚಾಲಕರಿಗೆ ಉಡುಪು ಹೊಲಿದರು. ತಣ್ಣನೆಯ ಸಮುದ್ರಕ್ಕೆ ಬಿದ್ದವರೂ ಜೀವಸಹಿತ ಬಂದರು. ಇದನ್ನೆಲ್ಲ ಹೆಂಡತಿಗೆ ವಿವರಿಸಿದರೆ, "ಹತ್ತಿ ಮಳಿ ತಡೀತದಂತ! ಮೈದುನರು ನಿಮಗ ಮಸ್ಕಿರಿ ಮಾಡ್ಯಾರ್ರಿ" ಎಂದು ರೊಟ್ಟಿ ತಟ್ಟುತ್ತಲೇ ನಕ್ಕಳು.

ಮೈಸೂರಿನಿಂದ ಹೊಸ ಸಾಹೇಬರು ರೈಲಿನಲ್ಲಿ ಬರುವ ದಿನ ಮೋಡ ಕವಿದಿತ್ತು. ಕೋಟು ತೆಗೆದೆ. ಆದರೆ ನಿಜಾಮರ ಕಾಲದ ನೌಕರ ನಾನು. ಸಾಹೇಬರ ಮುಂದೆ ಕತ್ತಿನವರೆಗೆ ಗುಂಡಿ ಹಾಕಿದ ಶೇರ್ವಾನಿ ಕಾಣದಿದ್ದರೆ ಅದಬ್-ಮರ್ಯಾದೆ ಎಲ್ಲಿ ಉಳಿಯಿತು? ಕೋಟನ್ನು ಒಳಗೆ ತೊಟ್ಟು, ಮೇಲೆ ಶೇರ್ವಾನಿ ಏರಿಸಿದೆ.

ಸ್ಟೇಷನ್ನಿನಲ್ಲಿ ಮಳೆ ಧೋ ಎಂದು ಸುರಿಯಿತು. ಸ್ವಾಗತಕ್ಕೆ ಬಂದಿದ್ದ ಉಳಿದ ನೌಕರರು ಸೂರಿನಡಿ ಸೇರಿದರು. ನಾನು ಮಾತ್ರ ಧೈರ್ಯವಾಗಿ ಹೊರಗೇ ನಿಂತೆ. ಶೇರ್ವಾನಿ ಹೊಟ್ಟೆ ತುಂಬ ನೀರು ಕುಡಿಯಿತು. ಒಳಗೆ ನಾನು ಕಂಬಳಿ ಹೊದ್ದವನಂತೆ ಬೆಚ್ಚಗಿದ್ದೆ.

ರೈಲಿಳಿದ ಸಾಹೇಬರು ನಾನು ಉರ್ದು ಗುಮಾಸ್ತನೆಂದು ಕೇಳಿ ತಿಳಿದು, "ಅಯ್ಯೋ, ನೆಂದು ತೊಪ್ಪೆಯಾಗಿದ್ದೀರಲ್ರೀ! ನನಗೋಸ್ಕರ ಮಳೇಲಿ ನಿಂತಿದ್ರಾ? ನಿಮ್ಮಂಥವರನ್ನ ಬೇರೆ ಊರಿಗೆ ಕಳಿಸೋದುಂಟೇ? ಇಲ್ಲೇ ಇರಿ" ಎಂದರು. ನಿಜ ಹೇಳಬಹುದಿತ್ತು. ಹೇಳುವ ಬದಲು ಚಳಿ ಹತ್ತಿದವನಂತೆ ಹಲ್ಲು ಕಟಕಟ ಕಡಿದೆ. ಅವರು ಇನ್ನಷ್ಟು ಕರಗಿ, "ಮನೆಗೆ ಕರ್ಕೊಂಡು ಹೋಗಪ್ಪ, ಬಿಸಿ ಕಷಾಯ ಕುಡಿಸಿದ್ದು ನೋಡೇ ಬಾ" ಎಂದು ಚಪರಾಸಿಯನ್ನು ಜೊತೆಗೆ ಕಳಿಸಿದರು.

ಚಪರಾಸಿ ಹೊಸ್ತಿಲಲ್ಲೇ ನಿಂತ. ಒಳಗೆ ಬಾಗಿಲ ಮರೆಯಲ್ಲಿ ಹೆಂಡತಿ ಶೇರ್ವಾನಿ ಬಿಚ್ಚಿದಳು, ಕೋಟು ಬಿಚ್ಚಿದಳು, ಅಂಗಿ ಮುಟ್ಟಿದಳು. ಅಂಗಿ ಒಂದಿಷ್ಟೂ ನೆನೆಯದೆ ಗರಿಗರಿಯಾಗಿತ್ತು. ನಾನು ಗೆದ್ದಿದ್ದೆ! ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಕಡೆ ಕಣ್ಣು ಹೋಯಿತು. ತುಟಿಗೆ ಬೆರಳಿಟ್ಟು, ವರ್ಗದ ಸಂಗತಿ ಪಿಸುಗುಟ್ಟಿದೆ. ಅವಳ ಮುಖ ಅರಳಿತು. ಅದರ ಹಿಂದೆಯೇ ಒಂದು ತುಂಟ ನಗೆಯೂ ಬಂತು.

"ಅಯ್ಯಯ್ಯ, ಇವರಿಗಿ ಎಂಥಾ ನಡುಕ ಹತ್ಯಾದ!" ಎಂದು ಓಣಿಗೆ ಕೇಳುವಂತೆ ಕೂಗಿ, ಕಡುಕಹಿ ನೆಲಬೇವಿನ ಕಷಾಯವನ್ನು ಚೊಂಬಿನ ತುಂಬ ತಂದಳು. "ಕುಡೀರಿ, ಸಾಹೇಬ್ರ ಹುಕುಂ ಅದ. ಒಂದ್ ಹನಿ ಉಳಿಸಬ್ಯಾಡ್ರಿ."

ಚಪರಾಸಿಗೆ ಕಾಣುವಂತೆ ಬಾಗಿಲ ಮುಂದೆ ಬಂದು ಕೂತೆ; ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಸಮುದ್ರವನ್ನೇ ತಡೆದ ಬಟ್ಟೆ ಗೂಟದಲ್ಲಿ ತೂಗುತ್ತಿತ್ತು. ಕಷಾಯವನ್ನು ಮಾತ್ರ ನಾನೇ ಕುಡಿಯಬೇಕಾಯಿತು.